ಎಸ್‌.ಪಿ. ರಸ್ತೆಯ ಆ ಅಕ್ಕನಿಗೆ

ಬೆಂಗಳೂರಿನ ಎಸ್‌.ಪಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಬೆಸುಗೆ ತಂತಿಯ ಸುರುಳಿ ಹಿಡಿದು ನಿಂತಿದ್ದ ಅಕ್ಕಾ, ಹೆಸರು ಕೇಳುವಷ್ಟರಲ್ಲಿ ನೀವು ಹೊರಟೇಬಿಟ್ಟಿರಿ. ಹಾಗಾಗಿ ಈ ಥ್ಯಾಂಕ್ಸ್ ಎಲ್ಲರೆದುರೇ.

ನಮ್ಮ ಮನೆಯ ಪರದೆ ಮೋಟಾರಿನ 433 ಮೆಗಾಹರ್ಟ್ಸ್ ರೇಡಿಯೊ ರಿಮೋಟನ್ನು, ಮನೆಯ ಸಾಧನಗಳನ್ನು ಫೋನಿನಿಂದ ನಡೆಸುವ ಹೋಮ್ ಅಸಿಸ್ಟೆಂಟ್ ತಂತ್ರಾಂಶಕ್ಕೆ ಜೋಡಿಸಲು ಇಎಸ್‌ಪಿ32 ಎಂಬ ಪುಟ್ಟ ವೈ-ಫೈ ಬೋರ್ಡಿನಲ್ಲಿ ನಡುವಿನ ಸೇತುವೆ ಕಟ್ಟುತ್ತಿದ್ದೆ. ಯಾರೂ ಬಟನ್ ಒತ್ತದಿದ್ದರೂ ಅಗ್ಗದ ರಿಸೀವರ್ ಗೊಣಗುತ್ತಲೇ ಇತ್ತು. ನೀವು ಅದನ್ನು ತಿರುಗಿಸಿ ನೋಡಿ, ‘ಇದು ಸೂಪರ್‌ರಿಜನರೇಟಿವ್. ಸಿಗ್ನಲ್ ಇಲ್ಲದಾಗ ಗದ್ದಲವನ್ನೇ ಹಿಗ್ಗಿಸಿ ಕೊಡುತ್ತೆ. ಬೇಕಾದ ಸಿಗ್ನಲನ್ನೇ ಚೆನ್ನಾಗಿ ಆರಿಸಿಕೊಳ್ಳೋ ಸೂಪರ್‌ಹೆಟರೊಡೈನ್ ರಿಸೀವರ್ ತಗೊಳ್ಳಿ’ ಅಂದಿರಿ. ಆಮೇಲೆ ಆಂಟೆನಾಗೆಂದು ಒಂಟಿ ಎಳೆಯ ತಂತಿ ಕೇಳಿ ಪಡೆದು, ತರಂಗಾಂತರದ ಕಾಲು ಭಾಗ ಅಂದರೆ 17.3 ಸೆಂ.ಮೀ. ಅಳೆದು ಕತ್ತರಿಸಿಕೊಟ್ಟಿರಿ. ಅಂಗಡಿಯವರ ಟೇಪನ್ನು ನಂಬದೆ ನಿಮ್ಮ ಬ್ಯಾಗಿನಿಂದಲೇ ಸ್ಕೇಲ್ ತೆಗೆದಿರಲ್ಲ, ಅದು ಭಾರಿ ಇಷ್ಟವಾಯಿತು.

ಬೆಲೆಬಾಳುವ ಮಾತು ಬಂದಿದ್ದು ಬಿಲ್ ಕೊಡುವಾಗ. ಈ ಬಗೆಯ ಮೋಟಾರು ಆಜ್ಞೆ ಕೇಳುತ್ತದೆ, ಉತ್ತರ ಕೊಡುವುದಿಲ್ಲ. ಅಮ್ಮ ಹಳೇ ರಿಮೋಟಿನಿಂದ ಪರದೆ ಮುಚ್ಚಿದರೆ ಫೋನಿಗೆ ಗೊತ್ತೇ ಆಗದು. ‘ಸೇತುವೆ ಬರೀ ಮಾತಾಡಿದರೆ ಸಾಲದು, ಆ ರಿಮೋಟನ್ನೂ ಕೇಳಿಸ್ಕೋಬೇಕು’ ಅಂದಿರಿ. ಒಂದು ಸಲ ಒತ್ತಿದರೂ ಅದೇ ಕೋಡ್ ಹಲವು ಬಾರಿ ಹೊರಡುತ್ತದೆ, ಎರಡು ಪ್ರತಿ ತಾಳೆಯಾದರೆ ಮಾತ್ರ ಒಪ್ಪಿಕೊಳ್ಳಿ ಎಂಬುದೂ ನಿಮ್ಮದೇ ಸಲಹೆ. ಈಗ ಅಮ್ಮ ಬಟನ್ ಒತ್ತಿದ ಕೂಡಲೇ ಫೋನಿನಲ್ಲೂ ‘ಮುಚ್ಚಿದೆ’ ಎಂದು ಬದಲಾಗುತ್ತದೆ.

ಪರದೆಯನ್ನು ಅರ್ಧಕ್ಕೆ ನಿಲ್ಲಿಸಿದಾಗ ಎಷ್ಟು ತೆರೆದಿದೆ ಎಂಬುದು ಮಾತ್ರ ಇನ್ನೂ ಮೋಟಾರು ಓಡಿದ ಸಮಯದ ಮೇಲಿನ ಅಂದಾಜು. ಅದಕ್ಕೂ ನಿಮ್ಮ ಬಳಿ ಏನಾದರೂ ಉಪಾಯ ಇದ್ದೇ ಇರುತ್ತೆ. ಮತ್ತೆ ಸಿಕ್ಕರೆ ಕಾಫಿ ನನ್ನದು.