ನೋಡ್ ಸತ್ತರೂ ಡ್ಯಾಶ್‌ಬೋರ್ಡ್ ಹಸಿರು: ಕ್ಲಸ್ಟರ್ ಮಾನಿಟರಿಂಗ್ ಬಗ್ಗೆ ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಡೇಟಾಬೇಸ್ ಪ್ರೋಸೆಸ್ ನಿಂತರೂ ಗಮನಿಸದೆ ಇದ್ದುದರ ಬಗ್ಗೆ.

ಮಾನ್ಯರೇ,

ಉಡುಪಿಯ ಒಂದು ಸೌಹಾರ್ದ ಸಹಕಾರಿಯ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವವನು ನಾನು. ನಮ್ಮ ಪಿಗ್ಮಿ (ದಿನದ ಸಣ್ಣ ಉಳಿತಾಯ) ಲೆಕ್ಕವೆಲ್ಲ ನೀವು ನಿರ್ವಹಿಸುವ ಕ್ಯಾಸಾಂಡ್ರಾ ಡೇಟಾಬೇಸ್ ಕ್ಲಸ್ಟರ್‌ನಲ್ಲಿದೆ, ಅಂದರೆ ಒಟ್ಟಾಗಿ ಕೆಲಸ ಮಾಡುವ ಮೂರು ನೋಡ್‌ಗಳಲ್ಲಿ (ಸರ್ವರ್‌ಗಳಲ್ಲಿ). ಕಳೆದ ಶುಕ್ರವಾರ ಸಂಜೆ ಅದು ನಿಂತುಹೋಯಿತು. ಯಂತ್ರ ಅಂದ ಮೇಲೆ ಕೆಡುವುದು ಇದ್ದದ್ದೇ, ಅದಕ್ಕಾಗಿ ಈ ಪತ್ರ ಅಲ್ಲ. ಒಂದು ನೋಡ್‌ನಲ್ಲಿ ಡೇಟಾಬೇಸ್ ಓಡಿಸುವ ಪ್ರೋಸೆಸ್ ಬುಧವಾರ ರಾತ್ರಿಯೇ ಸತ್ತಿತ್ತು. ಶುಕ್ರವಾರ ನಾವು ಫೋನ್ ಮಾಡುವವರೆಗೆ ನಿಮ್ಮಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನನ್ನ ದೂರು ಇದು.

ಕಾರಣ ನೀವೇ ಕಳಿಸಿದ ಲಾಗ್‌ನಲ್ಲಿದೆ. ಮೆಮೊರಿ ಸಾಲದೆ ಲಿನಕ್ಸ್ ಕರ್ನಲ್ ಕ್ಯಾಸಾಂಡ್ರಾ ಓಡುವ ಜಾವಾ ಪ್ರೋಸೆಸ್ಸನ್ನು ಕೊಂದಿದೆ. 'ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೋಸೆಸ್' ಎಂಬ ಸಾಲು ಅಲ್ಲೇ ಕಾಣುತ್ತದೆ. ಆದರೆ ಸರ್ವರ್ ಆನ್ ಇತ್ತು, ಪಿಂಗ್‌ಗೆ ಉತ್ತರ ಬರುತ್ತಿತ್ತು. ಹಾಗಾಗಿ ನಿಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಮೂರೂ ನೋಡ್ ಹಸಿರು. ಸರ್ವರ್ ಇದೆಯಾ ಅಂತ ಮಾತ್ರ ನೀವು ನೋಡುತ್ತಿದ್ದೀರಿ. ಅದರೊಳಗೆ ಡೇಟಾಬೇಸ್ ಓಡ್ತಾ ಇದೆಯಾ ಅಂತ ನೋಡುತ್ತಿಲ್ಲ. ನಾವು ಹಣ ಕೊಡುವುದು ಡೇಟಾಬೇಸಿಗೆ ಅಲ್ವಾ?

ಜಾಸ್ತಿ ಬೇಸರವಾದದ್ದು ಏನೆಂದರೆ, ಕ್ಲಸ್ಟರ್‌ಗೆ ಈ ಸುದ್ದಿ ಆಗಲೇ ಗೊತ್ತಿತ್ತು. ನೋಡ್‌ಗಳು ಗಾಸಿಪ್ ಮೂಲಕ ಸೆಕೆಂಡಿಗೊಮ್ಮೆ ಒಂದರ ಸ್ಥಿತಿ ಇನ್ನೊಂದಕ್ಕೆ ತಿಳಿಸುತ್ತವೆ. ಉಳಿದ ಎರಡರಲ್ಲಿ ಯಾವುದರಲ್ಲಾದರೂ 'ನೋಡ್‌ಟೂಲ್ ಸ್ಟೇಟಸ್' ಕಮಾಂಡ್ ಹೊಡೆದಿದ್ದರೆ ಸತ್ತ ನೋಡ್‌ನ ಮುಂದೆ 'ಡಿಎನ್' (ಡೌನ್, ಅಂದರೆ ಬಿದ್ದಿದೆ) ಎಂದು ಕಾಣುತ್ತಿತ್ತು. ಎರಡು ದಿನ ಯಾರೂ ಅಷ್ಟು ಮಾಡಲಿಲ್ಲ.

ನಮ್ಮ ಪ್ರತಿ ದಾಖಲೆಗೂ ಮೂರು ಪ್ರತಿ ಇದೆ. ಓದಲು, ಬರೆಯಲು ಎರಡು ನೋಡ್‌ಗಳ ಕೋರಂ (ಬಹುಮತ) ಸಾಕು. ಅದಕ್ಕೇ ಗುರುವಾರ ಕೆಲಸ ನಡೆಯಿತು. ಶುಕ್ರವಾರ ಸಂಜೆ ನಿಮ್ಮ ಎಂಜಿನಿಯರ್ ಡ್ಯಾಶ್‌ಬೋರ್ಡ್ ನಂಬಿ, ಪ್ಯಾಚ್ ಹಾಕಲು ಎರಡನೆಯ ನೋಡನ್ನು ರೀಬೂಟ್ ಮಾಡಿದರು. ಅದು ಏಳುವುದು ತಡವಾಯಿತು. ಉಳಿದದ್ದು ಒಂದೇ ನೋಡ್, ಕೋರಂ ಇಲ್ಲ.

ಆ ಹೊತ್ತಿಗೆ ನಮ್ಮ ಪಿಗ್ಮಿ ಸಂಗ್ರಾಹಕಿ ಮಲ್ಪೆ ಬಂದರಿನಲ್ಲಿದ್ದರು. ಮೀನು ಮಾರುವ ಹೆಂಗಸರು ದಿನದ ದುಡಿಮೆಯಲ್ಲಿ ನೂರು, ಇನ್ನೂರು ಎತ್ತಿ ಕೊಡುವ ಸಮಯ ಅದು. ದುಡ್ಡು ಕೈಗೆ ಬಂತು, ಮೆಷಿನ್‌ನಿಂದ ಚೀಟಿ ಬರಲಿಲ್ಲ. "ದುಡ್ಡು ತಗೊಂಡ್ರಿ, ಚೀಟಿ ಎಂತಕ್ಕೆ ಬರ್ಲಿಲ್ಲ ಅಕ್ಕ?" ಎಂದು ಕೇಳಿದವರಿಗೆ ಅವರು ಹಾಳೆಯಲ್ಲಿ ಹೆಸರು, ಮೊತ್ತ ಬರೆದು ಸಹಿ ಹಾಕಿ ಕೊಡಬೇಕಾಯಿತು. 1928ರಲ್ಲಿ ಪಿಗ್ಮಿ ಶುರುವಾದದ್ದು ಉಡುಪಿಯಲ್ಲೇ, ದಿನಕ್ಕೆ ಎರಡಾಣೆಯಿಂದ. ಮನೆ ಬಾಗಿಲಿಗೆ ಬಂದು ದುಡ್ಡು ಪಡೆದವರು ಅಲ್ಲೇ ಲೆಕ್ಕ ಕೊಡುತ್ತಾರೆ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಆ ನಂಬಿಕೆಗೆ ಪೆಟ್ಟು ಬಿದ್ದರೆ ಜನರ ಮುಂದೆ ನಿಲ್ಲಬೇಕಾದವರು ನಮ್ಮ ಸಂಗ್ರಾಹಕಿ, ನೀವಲ್ಲ.

ಈಗ ಮೂರೂ ನೋಡ್ ಎದ್ದಿವೆ, ಸಮಸ್ಯೆ ಮುಗಿಯಿತು ಎಂದು ನಿಮ್ಮವರು ಟಿಕೆಟ್ ಮುಚ್ಚಿದ್ದಾರೆ. ಮುಗಿದಿಲ್ಲ. ಬಿದ್ದ ನೋಡ್‌ಗಾಗಿ ಉಳಿದವು ಹಿಂಟ್ (ಅದಕ್ಕೆ ತಲುಪದ ಬರಹದ ಪ್ರತಿ) ಕೂಡಿಡುವುದು ನಮ್ಮಲ್ಲಿ 3 ಗಂಟೆ ಮಾತ್ರ. ಆಮೇಲಿನ ಬರಹ ಆ ನೋಡ್‌ಗೆ ತಾನಾಗಿ ಪೂರ್ತಿ ತಲುಪುವುದಿಲ್ಲ, ಪ್ರತಿಗಳನ್ನು ಹೋಲಿಸಿ ಸರಿಮಾಡುವ ರಿಪೇರ್ ಓಡಿಸಲೇಬೇಕು. ಅದೂ 10 ದಿನದ ಒಳಗೆ. ಟೂಂಬ್‌ಸ್ಟೋನ್ (ಅಳಿಸಿದ್ದರ ಗುರುತು) ಉಳಿಯುವ ಅವಧಿ ನಮ್ಮಲ್ಲಿ ಅಷ್ಟೇ ಇದೆ. ಅದು ದಾಟಿದರೆ ಗುರುವಾರ ಅಳಿಸಿದ ತಪ್ಪು ಎಂಟ್ರಿಗಳು ಮತ್ತೆ ಖಾತೆಯಲ್ಲಿ ಕಾಣಿಸಿಕೊಳ್ಳಬಹುದು. ಈ ಶುಕ್ರವಾರದೊಳಗೆ ರಿಪೇರ್ ಮುಗಿಸಿ ಅದರ ಲಾಗ್ ಕಳಿಸಿ. ಇದು ಎಲ್ಲಕ್ಕಿಂತ ತುರ್ತು.

ಮಾನಿಟರಿಂಗ್ ವಿಷಯಕ್ಕೆ ಬಂದರೆ, ಪ್ರೋಸೆಸ್ ಪಟ್ಟಿಯಲ್ಲಿ ಜಾವಾ ಇದೆಯಾ ಎಂದು ನೋಡಿ ಸುಮ್ನೆ ಬಿಟ್ಟರೂ ಸಾಲದು. ದೀರ್ಘ ಗಾರ್ಬೇಜ್ ಕಲೆಕ್ಷನ್‌ನಲ್ಲಿ (ಬೇಡದ ಮೆಮೊರಿ ತೆರವು ಮಾಡುವ ಕೆಲಸದಲ್ಲಿ) ಸಿಕ್ಕಿಕೊಂಡ ಪ್ರೋಸೆಸ್ ಪಟ್ಟಿಯಲ್ಲಿರುತ್ತದೆ, ಉತ್ತರ ಮಾತ್ರ ಕೊಡುವುದಿಲ್ಲ. ಪ್ರತಿ ನೋಡ್‌ನಲ್ಲಿ ಕ್ಯಾಸಾಂಡ್ರಾ ಕ್ವೆರಿ ಸ್ವೀಕರಿಸುವ 9042 ಪೋರ್ಟ್‌ಗೆ ಸಣ್ಣ ಕ್ವೆರಿ ಕಳಿಸಿ ಉತ್ತರ ನೋಡಬೇಕು. ಪಕ್ಕದ ನೋಡ್‌ಗಳು ಏನು ಹೇಳುತ್ತಿವೆ ಎಂಬುದೂ ಅಲರ್ಟ್‌ಗೆ ಸೇರಬೇಕು. ಸಿಸ್ಟಮ್‌ಡಿಯಲ್ಲಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ವ್ಯವಸ್ಥೆಯಲ್ಲಿ) ಆಟೋ ರೀಸ್ಟಾರ್ಟ್ ಹಾಕುತ್ತೇವೆ ಎಂದು ನಿಮ್ಮವರು ಫೋನಿನಲ್ಲಿ ಹೇಳಿದರು. ಹಾಕಿ, ಆದರೆ ಪ್ರತಿ ರೀಸ್ಟಾರ್ಟ್‌ಗೂ ನಮಗೆ ಮೆಸೇಜ್ ಬರಬೇಕು. ಇಲ್ಲದಿದ್ದರೆ ಮೆಮೊರಿ ಸಮಸ್ಯೆ ದಿನವೂ ಮರುಕಳಿಸಿದರೂ ಮುಚ್ಚಿಹೋಗುತ್ತದೆ. ಇನ್ನು ಮುಂದೆ ಯಾವ ನೋಡ್ ರೀಬೂಟ್ ಮಾಡುವ ಮೊದಲೂ ಉಳಿದೆರಡು 'ಯುಎನ್' (ಅಪ್, ಅಂದರೆ ಎದ್ದಿವೆ) ಇವೆ ಎಂದು ಕಣ್ಣಾರೆ ನೋಡಿಯೇ ಮಾಡಬೇಕು.

ಮೆಮೊರಿ ಯಾಕೆ ಸಾಲಲಿಲ್ಲ ಎಂಬುದಕ್ಕೆ ಲಿಖಿತ ಉತ್ತರ ಬೇಕು. ಒಪ್ಪಂದದ ಪ್ರಕಾರ ಈ ತಿಂಗಳ ಬಿಲ್ಲಿನಲ್ಲಿ ಕಡಿತವೂ ಆಗಬೇಕು. ಒಂದು ವಾರದಲ್ಲಿ ಉತ್ತರ ಬಾರದಿದ್ದರೆ ಒಪ್ಪಂದ ಮುಂದುವರಿಸಬೇಕೇ ಎಂಬ ವಿಷಯವನ್ನು ಆಡಳಿತ ಮಂಡಳಿಯ ಮುಂದಿಡುತ್ತೇನೆ.

ಇಂತಿ,
ಕಂಪ್ಯೂಟರ್ ವಿಭಾಗದ ಮುಖ್ಯಸ್ಥ
ಉಡುಪಿ