ಬೆರಳಿನ ಅಂಕಿ ನಂಬಿ ಕೂರಬೇಡಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ನಲ್ಲಿ 98 ಕಂಡರೆ ಎಲ್ಲರಿಗೂ ಸಮಾಧಾನ. ಆದರೆ ಅದು ಹೇಳುವುದು ಆಕ್ಸಿಜನ್ ವಿಷಯ ಮಾತ್ರ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟು ತುಂಬಿಕೊಂಡಿದೆ ಅಂತ ಅದರಲ್ಲಿ ಗೊತ್ತಾಗುವುದೇ ಇಲ್ಲ. ಮಾಸ್ಕ್‌ನಲ್ಲಿ ಆಕ್ಸಿಜನ್ ಹೋಗುತ್ತಿರುವಾಗಲಂತೂ ಅಂಕಿ ಚೆನ್ನಾಗಿಯೇ ಇರುತ್ತದೆ, ರೋಗಿ ಕೈಬಿಟ್ಟು ಹೋಗುತ್ತಿರುತ್ತಾರೆ.

ನಮ್ಮ ತಂದೆಗೆ ಹೀಗೇ ಆಯಿತು. ಅವರಿಗೆ ಹಳೆಯ ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರು ಹೊರಬಿಡಲು ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಉಸಿರಾಡಲು ಕಷ್ಟವಾಗಿ ಆಸ್ಪತ್ರೆಗೆ ಸೇರಿಸಿದಾಗ ಆಕ್ಸಿಜನ್ ಜೋರಾಗಿ ಬಿಟ್ಟರು. ರಾತ್ರಿ ತಲೆನೋವು ಅಂದರು. ಆಮೇಲೆ ಮಾತು ತಪ್ಪತೊಡಗಿತು, ತೂಕಡಿಕೆ ಶುರುವಾಯಿತು. ಕೈ ಮುಂದೆ ಚಾಚಿಸಿದರೆ ಮಣಿಕಟ್ಟು ಪಟಪಟ ಅಂತ ಬಡಿದುಕೊಳ್ಳುತ್ತಿತ್ತು. ಅಂಗೈ ಬೆಚ್ಚಗೆ, ಮುಖ ಕೆಂಪಗೆ. "ಸುಸ್ತಾಗಿದೆ, ಮಲಗಲಿ ಬಿಡಿ" ಅಂದರು ಆಸ್ಪತ್ರೆಯವರು. ಬೆಳಗ್ಗೆ ಎಷ್ಟು ಕೂಗಿದರೂ ಏಳಲಿಲ್ಲ. ರಕ್ತದಲ್ಲಿರುವ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಎರಡನ್ನೂ ಅಳೆಯುವ ಬ್ಲಡ್ ಗ್ಯಾಸ್ ಟೆಸ್ಟ್ ಮಾಡುವ ಯಂತ್ರ ಅಲ್ಲಿ ಇರಲಿಲ್ಲ. ಬೇರೆ ಆಸ್ಪತ್ರೆಗೆ ಒಯ್ದು ನೋಡಿದರೆ, 35ರಿಂದ 45 ಎಂಎಂಎಚ್‌ಜಿ (ಒತ್ತಡದ ಅಳತೆ) ಒಳಗೆ ಇರಬೇಕಾದ ಕಾರ್ಬನ್ ಡೈಆಕ್ಸೈಡ್ 80 ದಾಟಿತ್ತು. ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರ ಹಾಕಿದ ಮೇಲೆ ನಿಧಾನಕ್ಕೆ ಎಚ್ಚರವಾದರು.

ಉಸಿರಿನಲ್ಲಿ ಹೊರಹೋಗದೆ ಉಳಿದ ಕಾರ್ಬನ್ ಡೈಆಕ್ಸೈಡ್ ರಕ್ತದ ನೀರಿನ ಜೊತೆ ಸೇರಿ ಆಮ್ಲವಾಗುತ್ತದೆ. ನಿಧಾನವಾಗಿ ಏರಿದರೆ ಕಿಡ್ನಿ ಆಮ್ಲವನ್ನು ತಗ್ಗಿಸುವ ಬೈಕಾರ್ಬನೇಟ್ ಉಳಿಸಿಕೊಂಡು ಹೇಗೋ ಸರಿದೂಗಿಸುತ್ತದೆ. ಅದಕ್ಕೆ ಕೆಲವು ದಿನ ಬೇಕು. ಏಕಾಏಕಿ ಏರಿದರೆ ಅಷ್ಟು ಪುರುಸೊತ್ತು ಎಲ್ಲಿ ಸಿಗುತ್ತದೆ? ರಕ್ತದ ಪಿಎಚ್ 7.35ಕ್ಕಿಂತ ಕೆಳಗಿಳಿಯುತ್ತದೆ, ಅಂದರೆ ರಕ್ತದಲ್ಲಿ ಆಮ್ಲ ಜಾಸ್ತಿಯಾಗುತ್ತದೆ. ಮೆದುಳಿನ ರಕ್ತನಾಳಗಳು ಹಿಗ್ಗಿ ತಲೆ ಸಿಡಿಯುತ್ತದೆ. ಗೊಂದಲ, ಮಂಪರು, ಕೊನೆಗೆ ಕೋಮಾ. ಇದು ಸಿಒಪಿಡಿಯವರಿಗಷ್ಟೇ ಬರುವುದಲ್ಲ. ತೂಕ ತುಂಬಾ ಜಾಸ್ತಿ ಇರುವವರು, ಸ್ನಾಯು ದುರ್ಬಲವಾಗುವ ಕಾಯಿಲೆಯವರು, ಮಾರ್ಫಿನ್‌ನಂಥ ಔಷಧಿಯ ಪ್ರಮಾಣ ಹೆಚ್ಚಾದವರಿಗೂ ಈ ಅಪಾಯ ಇದೆ.

ಒಂದು ಮಾತು ಒತ್ತಿ ಹೇಳುತ್ತೇನೆ. ಇದನ್ನು ಓದಿ ಯಾರೂ ಆಕ್ಸಿಜನ್ ತೆಗೆದುಬಿಡಬಾರದು. ಆಕ್ಸಿಜನ್ ಕಡಿಮೆಯಾದರೆ ಜೀವಕ್ಕೆ ಇನ್ನೂ ಬೇಗ ಕುತ್ತು. ಬೇಕಿರುವುದು ಅಳತೆ. ಇಂಥ ರೋಗಿಗಳಿಗೆ ಸಾಮಾನ್ಯವಾಗಿ ಆಕ್ಸಿಮೀಟರ್ ಅಂಕಿ 88ರಿಂದ 92ರೊಳಗೆ ನಿಲ್ಲುವಷ್ಟು ಕೊಟ್ಟರೆ ಸಾಕು. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ಆಂಬುಲೆನ್ಸ್‌ನಲ್ಲೇ ಹೀಗೆ ಕೊಟ್ಟು ನೋಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಜೋರಾಗಿ ಆಕ್ಸಿಜನ್ ಕೊಟ್ಟವರಿಗಿಂತ ಅಳೆದು ಕೊಟ್ಟವರಲ್ಲಿ ಸಾವು ಕಡಿಮೆ ಇತ್ತು.

ಹಾಗಾಗಿ ನಿಮ್ಮಲ್ಲಿ ಕೇಳುತ್ತಿದ್ದೇನೆ. ಉಸಿರಾಟದ ತೊಂದರೆಯವರನ್ನು ಸೇರಿಸಿಕೊಳ್ಳುವ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ಬ್ಲಡ್ ಗ್ಯಾಸ್ ಯಂತ್ರ ರಾತ್ರಿಯೂ ಕೆಲಸ ಮಾಡಬೇಕು. ಯಂತ್ರ ಸುಮ್ನೆ ತಂದಿಟ್ಟರೆ ಆಗಲ್ಲ, ಟೆಸ್ಟ್‌ಗೆ ಅದರೊಳಗೆ ಹಾಕುವ ಕಾರ್ಟ್ರಿಡ್ಜ್ ಇರಬೇಕು, ಓದಬಲ್ಲ ಸಿಬ್ಬಂದಿ ಇರಬೇಕು. ಬೈಪ್ಯಾಪ್ ಕೂಡ ಹಾಗೇ. ಇನ್ನು, ಒಮ್ಮೆ ಕಾರ್ಬನ್ ಡೈಆಕ್ಸೈಡ್ ಏರಿದವರಿಗೆ ಮನೆಗೆ ಕಳುಹಿಸುವಾಗ ಒಂದು ಕಾರ್ಡ್ ಕೊಡಿ. ಅದರಲ್ಲಿ ಅವರ ಆಕ್ಸಿಜನ್ ಮಿತಿ ದಪ್ಪಕ್ಷರದಲ್ಲಿ ಇರಲಿ. ಮುಂದಿನ ಸಲ ಆಂಬುಲೆನ್ಸ್‌ನವರು ಅದನ್ನೇ ನೋಡುತ್ತಾರೆ.

ಯಂತ್ರಗಳಿಗೆ ಬಜೆಟ್ ಬೇಕು, ಸಮಯ ಹಿಡಿಯುತ್ತದೆ, ಒಪ್ಪುತ್ತೇನೆ. ಕಾರ್ಡಿಗೆ ನಿಮ್ಮ ಇಲಾಖೆಯ ಒಂದು ಸುತ್ತೋಲೆ ಸಾಕು. ದಯವಿಟ್ಟು ಅದನ್ನು ಈ ತಿಂಗಳೇ ಹೊರಡಿಸಿ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಸಿಒಪಿಡಿ ರೋಗಿಯ ಮಗಳು