ಆ ಇನ್ನೊಂದು ಪರೀಕ್ಷೆಯನ್ನು ಬಿಡದವರಿಗೆ

ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ಎರಗುವ ರುಮಟಾಯ್ಡ್ ಸಂಧಿವಾತದೊಂದಿಗೆ ಹತ್ತು ವರ್ಷಗಳಿಂದ ಬದುಕುತ್ತಿರುವ ನಾನು, ಈ ಸಲದ ಎಳ್ಳಮಾವಾಸ್ಯೆಯಂದು ವಿಜಯಪುರದ ಸಮೀಪದ ನಮ್ಮ ಹೊಲಕ್ಕೆ ಚರಗ ಚೆಲ್ಲಲು ಹೊರಡುವ ಮುನ್ನ, ಮೂರು ವರ್ಷಗಳ ಬಳಿಕ ನನ್ನ ಕೈಯಿಂದಲೇ ಸಜ್ಜೆ ರೊಟ್ಟಿ ಬಡಿದೆ. ಇದಕ್ಕೆ ಕಾರಣರಾದವರನ್ನು ಎಲ್ಲರೆದುರು ನೆನೆಯಬೇಕೆನಿಸಿ ಇಷ್ಟು ಬರೆಯುತ್ತಿದ್ದೇನೆ.

ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್‌ನಿಂದ ಬಾವು ಇಳಿಯದಿದ್ದಾಗ ನಮ್ಮ ಸಂಧಿವಾತದ ವೈದ್ಯರು ಆ ಶಕ್ತಿಯನ್ನು ಕುಗ್ಗಿಸುವ ರಿಟುಕ್ಸಿಮ್ಯಾಬ್ ಎಂಬ ಔಷಧಿ ಕೊಡಲು ನಿರ್ಧರಿಸಿದರು. ಯಕೃತ್ತಿಗೆ ತಗುಲುವ ವೈರಸ್ ಸೋಂಕಾದ ಹೆಪಟೈಟಿಸ್ ಬಿ ವರದಿ ನೆಗೆಟಿವ್ ಇತ್ತು, ಯಕೃತ್ತಿಗೆ ಪೆಟ್ಟಾದರೆ ಏರುವ ಎಸ್‌ಜಿಪಿಟಿ ಸರಿಯಾಗಿತ್ತು, ನನಗೆ ಕಾಮಾಲೆಯಾದ ನೆನಪೂ ಇರಲಿಲ್ಲ. ನೋವಿನಿಂದ ಬೇಸತ್ತಿದ್ದ ನಾನು ಅಂದೇ ಔಷಧಿ ಹಾಕಿರೆಂದು ಒತ್ತಾಯಿಸಿದೆ. ಅವರು ಒಪ್ಪಲಿಲ್ಲ. "ಟೀಚರ್, ಇನ್ನೊಂದು ರಕ್ತಪರೀಕ್ಷೆ ಬಾಕಿ ಐತ್ರಿ, ಅದು ಬರೂತನಕ ನಾ ಹಾಕೂದಿಲ್ಲ," ಎಂದರು. ಅಂದು ನನಗೆ ಸಿಟ್ಟು ಬಂದಿತ್ತು. ಇಂದು ಆ ಮಾತಿಗೆ ಕೈಮುಗಿಯುತ್ತೇನೆ.

ನೆಗೆಟಿವ್ ಬಂದದ್ದು ವೈರಸ್ಸಿನ ಹೊರಮೈಯ ಪ್ರೋಟೀನನ್ನು ಹುಡುಕುವ ಪರೀಕ್ಷೆ ಮಾತ್ರ. ವೈರಸ್ಸಿನ ತಿರುಳಿನ ವಿರುದ್ಧ ದೇಹ ಕಟ್ಟಿಕೊಂಡ ಪ್ರತಿಕಾಯವನ್ನು ನೋಡುವ ಆಂಟಿ-ಎಚ್‌ಬಿಸಿ ಪರೀಕ್ಷೆ ಪಾಸಿಟಿವ್ ಬಂತು. ಮುಂದೆ ಡಿಎನ್‌ಎ ಪರೀಕ್ಷೆಯಲ್ಲಿ ಅತ್ಯಲ್ಪ ಪ್ರಮಾಣದ ವೈರಸ್ಸೂ ಕಂಡಿತು. ಎಂದೋ ತಗುಲಿದ ಸೋಂಕು ಯಕೃತ್ತಿನ ಜೀವಕೋಶಗಳೊಳಗೆ ಅಡಗಿದ್ದು, ದೇಹದ ರೋಗನಿರೋಧಕ ಶಕ್ತಿ ಅದನ್ನು ಹಿಡಿದಿಟ್ಟಿತ್ತು. ಸಂಧಿವಾತವನ್ನು ತಣಿಸಲೆಂದು ಅದೇ ಶಕ್ತಿಯನ್ನು ಕುಗ್ಗಿಸಿದರೆ, ಅದರಲ್ಲೂ ರಿಟುಕ್ಸಿಮ್ಯಾಬ್‌ನಂತಹ ಔಷಧಿಯಿಂದ, ವೈರಸ್ ಮತ್ತೆ ಎದ್ದು ಯಕೃತ್ತನ್ನೇ ಕೆಡಿಸಬಹುದು. ಇದರಿಂದ ಪ್ರಾಣ ಹೋದವರೂ ಇದ್ದಾರೆ. ಹಾಗಾಗಿ ಮೊದಲು ಆ ವೈರಸ್ಸನ್ನು ಹತ್ತಿಕ್ಕುವ ಎಂಟೆಕಾವಿರ್ ಮಾತ್ರೆ ಆರಂಭಿಸಿ, ಬಳಿಕವೇ ರಿಟುಕ್ಸಿಮ್ಯಾಬ್ ಹಾಕಿದರು. ರಾತ್ರಿ ಊಟವಾಗಿ ಎರಡು ತಾಸು ಕಳೆದ ಮೇಲೆ ಆ ಮಾತ್ರೆ ನುಂಗುತ್ತೇನೆ. ರಿಟುಕ್ಸಿಮ್ಯಾಬ್ ನಿಲ್ಲಿಸಿದ ಮೇಲೂ ಕನಿಷ್ಠ ಒಂದು ವರ್ಷ ಅದು ಮುಂದುವರಿಯಬೇಕು, ನಡುವೆ ನಾನಾಗಿಯೇ ಬಿಡುವಂತಿಲ್ಲ.

ಸೋಂಕಿನ ಸುದ್ದಿ ಮನೆಯಲ್ಲಿ ತಿಳಿದ ದಿನ ನಾನು ನನ್ನ ತಾಟನ್ನು ಬೇರೆ ಇಟ್ಟುಕೊಂಡಿದ್ದೆ. ಈ ರೋಗ ಜೊತೆಗೆ ಉಣ್ಣುವುದರಿಂದ ಹರಡುವುದಿಲ್ಲವೆಂದು ವೈದ್ಯರಿಂದ ಕೇಳಿ ತಿಳಿದಿದ್ದ ನಮ್ಮ ವೈನಿ, ಏನೂ ಮಾತಾಡದೆ ಬಂದು ನನ್ನ ತಾಟಿನಲ್ಲೇ ರೊಟ್ಟಿ ಮುರಿದರು. ಆ ತುತ್ತಿನ ಋಣ ದೊಡ್ಡದು. ನಮ್ಮ ಯಜಮಾನರೂ ಮಕ್ಕಳೂ ಹಿಂಜರಿಯದೆ ರಕ್ತ ಕೊಟ್ಟು ಪರೀಕ್ಷಿಸಿಕೊಂಡು, ಮೂರು ಡೋಸ್ ಲಸಿಕೆಯನ್ನೂ ಪೂರೈಸಿದರು. ಬಾತ ಕೈಯಲ್ಲಿ ನರ ಸಿಗದಾಗ ಬೇಸರಿಸದೆ ಹುಡುಕುತ್ತಿದ್ದ ಪ್ರಯೋಗಾಲಯದ ತಮ್ಮನಿಗೂ, ನನ್ನ ತರಗತಿಗಳನ್ನು ಹಂಚಿಕೊಂಡ ಸಹೋದ್ಯೋಗಿಗಳಿಗೂ ನಾನು ಕೃತಜ್ಞಳು.

ಕಳೆದ ವಾರದ ವರದಿಯಲ್ಲಿ ವೈರಸ್ಸಿನ ಡಿಎನ್‌ಎ ಕಂಡಿಲ್ಲ, ಎಸ್‌ಜಿಪಿಟಿ ಏರಿಲ್ಲ. ಮುಂದಿನ ಪರೀಕ್ಷೆ ಯುಗಾದಿಯ ಮರುವಾರಕ್ಕಿದೆ. ಅಂದು ವೈದ್ಯರಿಗೆ ಕೊಡಲು ಖಟಿ ರೊಟ್ಟಿಯನ್ನು ನಾನೇ ಬಡಿದು ಒಯ್ಯಲಿದ್ದೇನೆ.